ಟ್ರಾಕ್ಟರಿಗೆ ಹಿಮದ ಬ್ಲೇಡು ಕಟ್ಟಿ ಓಡಿಸುವಾಗ ಯಾವ ಎಚ್ಚರಿಕೆಗಳು ಅಗತ್ಯ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಿಂದ ಮುಖ್ಯರಸ್ತೆಯವರೆಗಿನ ಸುಮಾರು 200 ಮೀಟರ್ ಜಲ್ಲಿ ಹಾದಿಯ ಹಿಮವನ್ನು ಸರಿಸುವುದಕ್ಕಾಗಿ, ನನ್ನ ಚಿಕ್ಕ ಫೋರ್ ವೀಲ್ ಡ್ರೈವ್ ಟ್ರಾಕ್ಟರಿನ ಮುಂದಿರುವ ಲೋಡರ್ ತೋಳುಗಳಿಗೆ ಈ ಚಳಿಗಾಲದಲ್ಲಿ ಒಂದು ಬ್ಲೇಡನ್ನು ಜೋಡಿಸಿಕೊಂಡಿದ್ದೇನೆ. ಕಳೆದ ವಾರ ಒಂದು ಗೇಣು ಹಿಮ ಬಿದ್ದಿತ್ತು. ಕೆಲಸ ಬೇಗ ಮುಗಿಯಲೆಂದು ಮೇಲಿನ ಗೇರಿನಲ್ಲಿ ಹೋಗುತ್ತಿದ್ದಾಗ, ಹಿಮದಡಿಯಲ್ಲಿ ಕಾಣದಂತಿದ್ದ ಮೋರಿಯ ಕಾಂಕ್ರೀಟ್ ಅಂಚಿಗೆ ಬ್ಲೇಡಿನ ಎಡಮೂಲೆ ಬಡಿದು ಟ್ರಾಕ್ಟರ್ ಗಕ್ಕನೆ ನಿಂತಿತು. ಸೀಟ್ ಬೆಲ್ಟ್ ಹಾಕಿಕೊಳ್ಳದೆ ಕುಳಿತಿದ್ದ ನನ್ನ ಎದೆ ಸ್ಟೀರಿಂಗಿಗೆ ಅಪ್ಪಳಿಸಿತು. ಮೂಳೆ ಮುರಿಯಲಿಲ್ಲವಾದರೂ ಮೂರು ದಿನ ಉಸಿರೆಳೆದಾಗಲೆಲ್ಲ ನೋವಿತ್ತು.

ಬ್ಲೇಡನ್ನು ಯಾವ ವೇಗದಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿ ಇಟ್ಟುಕೊಂಡು ನಡೆಸಬೇಕು? ಹಾದಿಯ ಕೊನೆಯ 40 ಮೀಟರ್ ರಸ್ತೆಯತ್ತ ಇಳಿಜಾರಾಗಿದ್ದು, ಒಂದು ಬದಿಗೆ ಚರಂಡಿಯಿದೆ. ಅಲ್ಲಿ ಹೇಗೆ ಇಳಿಯಬೇಕೆಂಬುದೂ ನನಗೆ ಸ್ಪಷ್ಟವಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಮೊದಲ ಉತ್ತರ

ತಮಗೆ ಅದಕ್ಕಿಂತ ದೊಡ್ಡ ಪೆಟ್ಟಾಗಲಿಲ್ಲವೆಂಬುದು ಸಮಾಧಾನದ ಸಂಗತಿ. ನೋವು ಇನ್ನೂ ಉಳಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಲವು ಚಳಿಗಾಲಗಳಿಂದ ಈ ಕೆಲಸ ಮಾಡುತ್ತಿರುವ ನಾನು ಕಂಡಿರುವ ಅವಘಡಗಳಲ್ಲಿ ಹೆಚ್ಚಿನವು ತಮ್ಮದರಂತೆಯೇ ಹಿಮದಡಿಯಲ್ಲಿ ಅಡಗಿದ್ದ ಕಲ್ಲು, ಬೇರು, ಮೋರಿಯ ಅಂಚುಗಳಿಂದಾದವು. ಆದ್ದರಿಂದ ವೇಗದ ಮಾತನ್ನೇ ಮೊದಲು ಹೇಳುತ್ತೇನೆ. ಗಂಟೆಗೆ 5 ಕಿಲೋಮೀಟರ್, ಅಂದರೆ ಮನುಷ್ಯ ನಡೆಯುವ ವೇಗ, ಇಂಥ ಹಾದಿಗೆ ಧಾರಾಳವಾಯಿತು. ವೇಗವನ್ನು 10ಕ್ಕೆ ಏರಿಸಿದರೆ ಢಿಕ್ಕಿಯಲ್ಲಿ ತಡೆದುಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದರಲ್ಲೂ ಲೋಡರ್ ತೋಳುಗಳು ಮುಖ್ಯವಾಗಿ ಭಾರ ಎತ್ತುವುದಕ್ಕೆ ಮಾಡಿದಂಥವು; ಬ್ಲೇಡಿನ ಒಂದೇ ಮೂಲೆಗೆ ಪೆಟ್ಟು ಬಿದ್ದರೆ ಅವು ತಿರುಚಿಕೊಳ್ಳುತ್ತವೆ. ಮುಂದಿನ ಹಿಮಕ್ಕೆ ಮುಂಚೆ ತೋಳುಗಳ ಬೆಸುಗೆಗಳನ್ನೂ ಪಿನ್ನುಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಿ ನೋಡಿ. ತಮ್ಮ ಬ್ಲೇಡಿಗೆ ಸ್ಪ್ರಿಂಗ್ ಇದ್ದು, ತಡೆ ಸಿಕ್ಕಾಗ ಅದು ಮುಂದಕ್ಕೆ ಮಗುಚುವಂಥದ್ದಾಗಿದ್ದರೆ ಒಳ್ಳೆಯದು. ಆದರೆ ಸ್ಪ್ರಿಂಗಿಗೂ ಒಂದು ಮಿತಿಯಿದೆ. ವೇಗ ಹೆಚ್ಚಾದಾಗ ಅದೊಂದನ್ನೇ ನಂಬಿಕೊಳ್ಳಬಾರದು.

ಎತ್ತರದ ವಿಷಯಕ್ಕೆ ಬಂದರೆ, ಜಲ್ಲಿ ಹಾದಿ ಚೆನ್ನಾಗಿ ಹೆಪ್ಪುಗಟ್ಟುವವರೆಗೆ ಬ್ಲೇಡಿನ ಅಂಚು ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲಿರಲಿ. ಇದಕ್ಕಾಗಿಯೇ ಬ್ಲೇಡಿನ ಹಿಂದೆ ತಟ್ಟೆಯಂಥ ಎರಡು ಪಾದಗಳಿರುತ್ತವೆ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಅಷ್ಟೇ ದಪ್ಪದ ಎರಡು ಹಲಗೆಗಳನ್ನಿಟ್ಟು, ಬ್ಲೇಡಿನ ಎರಡೂ ತುದಿಗಳನ್ನು ಅವುಗಳ ಮೇಲೆ ಪೂರ್ತಿಯಾಗಿ ಇಳಿಸಿ, ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ಮೇಲೆ, ಪಾದಗಳು ನೆಲ ಮುಟ್ಟುವಂತೆ ಸರಿಸಿ ಪಿನ್ನು ಹಾಕಿ. ಕೆಲಸ ಮಾಡುವಾಗ ಲೋಡರಿನ ಲಿವರನ್ನು ಫ್ಲೋಟ್ ಸ್ಥಾನದಲ್ಲಿಡಿ. ಆಗ ಬ್ಲೇಡು ತನ್ನ ತೂಕದಿಂದಷ್ಟೇ ನೆಲದ ಏರಿಳಿತವನ್ನು ಅನುಸರಿಸಿಕೊಂಡು ಸಾಗುತ್ತದೆ. ಹೈಡ್ರಾಲಿಕ್ ಬಲದಿಂದ ಅದನ್ನು ನೆಲಕ್ಕೆ ಒತ್ತಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ, ಸ್ಟೀರಿಂಗ್ ತಿರುಗಿಸಿದರೂ ಟ್ರಾಕ್ಟರ್ ನೇರವಾಗಿಯೇ ಹೋಗುತ್ತದೆ.

ಇನ್ನು ಗುರುತಿನ ಕೋಲುಗಳು. ಹಾದಿಯ ಎರಡೂ ಬದಿಗೆ, ಅಂಚಿನಿಂದ ಒಂದಡಿ ಹೊರಗೆ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಸುತ್ತಿದ ಎತ್ತರದ ಕೋಲುಗಳನ್ನು ನೆಡಿ. ಮೋರಿಯ ಎರಡೂ ತುದಿಗೆ ಬೇರೆ ಬಣ್ಣದ ಕೋಲುಗಳಿರಲಿ. ನೆಲ ಹೆಪ್ಪುಗಟ್ಟುವ ಮುಂಚೆ ಮಾಡಬೇಕಾದ ಕೆಲಸವಿದು. ಈಗ ಹಾರೆಯಿಂದ ಕುಳಿ ತೆಗೆಯಬೇಕಾದೀತು, ಆದರೂ ಮಾಡಲೇಬೇಕು.

ಎರಡನೆಯ ಉತ್ತರ

ಇಳಿಜಾರಿನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಅನೇಕ ಚಿಕ್ಕ ಟ್ರಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದೆ ಬ್ಲೇಡಿನ ಭಾರ ತೂಗುತ್ತಿದ್ದು, ಇಳಿಜಾರಿನಲ್ಲಿ ತೂಕವೆಲ್ಲ ಮುಂದಕ್ಕೆ ವಾಲಿಕೊಂಡಾಗ ಹಿಂದಿನ ಚಕ್ರಗಳು ಹಗುರಾಗುತ್ತವೆ. ಆಗ ಬ್ರೇಕು ತುಳಿದರೆ ಚಕ್ರಗಳು ತಿರುಗುವುದನ್ನು ನಿಲ್ಲಿಸುತ್ತವೆಯೇ ಹೊರತು ಟ್ರಾಕ್ಟರ್ ಜಾರುತ್ತಲೇ ಹೋಗುತ್ತದೆ. ಅದಕ್ಕೇ ಇಳಿಯುವ ಮೊದಲು ಫೋರ್ ವೀಲ್ ಡ್ರೈವ್ ಹಾಕಿಕೊಳ್ಳಿ. ಹಾಕಿದಾಗ ಮುಂದಿನ ಚಕ್ರಗಳೂ ತಡೆಯುವ ಕೆಲಸಕ್ಕೆ ಒದಗುತ್ತವೆ. ಅತಿ ಕೆಳಗಿನ ಗೇರಿನಲ್ಲಿ, ಕ್ಲಚ್ ಒತ್ತದೆ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಎಡ ಬಲದ ಬ್ರೇಕ್ ಪೆಡಲುಗಳು ಬೇರೆ ಬೇರೆಯಾಗಿದ್ದರೆ ಎರಡನ್ನೂ ಕೊಂಡಿಯಿಂದ ಕೂಡಿಸಿಡಿ, ಇಲ್ಲವಾದರೆ ಒಂದೇ ಪೆಡಲಿನ ಮೇಲೆ ಕಾಲು ಬಿದ್ದು ಟ್ರಾಕ್ಟರ್ ಚರಂಡಿಯತ್ತ ತಿರುಗೀತು.

ಹಿಂಬದಿಯ ಲಿಂಕೇಜಿಗೆ, ಅಂದರೆ ಉಪಕರಣಗಳನ್ನು ಸಿಕ್ಕಿಸುವ ತೋಳುಗಳಿಗೆ, ತಯಾರಕರ ಕೈಪಿಡಿ ಹೇಳುವಷ್ಟು ಭಾರವನ್ನು ಕಟ್ಟಿಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು. ಬ್ಲೇಡನ್ನು ಬಲಕ್ಕೆ ಓರೆಮಾಡಿ ಹಿಮವನ್ನು ಬಲಬದಿಗೆ ಸುರಿಯುವಾಗ, ಟ್ರಾಕ್ಟರಿನ ಮೂತಿಯನ್ನು ಹಿಮವು ಎಡಕ್ಕೆ ತಳ್ಳುತ್ತಿರುತ್ತದೆ. ಆದ್ದರಿಂದ ಚರಂಡಿ ಎಡಕ್ಕಿರುವ ಕಡೆ ಓರೆ ಕಡಿಮೆ ಇರಲಿ, ಚಕ್ರವೂ ಅಂಚಿನಿಂದ ದೂರವಿರಲಿ. ಅಡ್ಡ ಇಳಿಜಾರಿನಲ್ಲಿ ಬ್ಲೇಡನ್ನು ಎತ್ತಿಕೊಂಡು ಹೋಗಲೇಬೇಡಿ. ಉರುಳಿದಾಗ ಚಾಲಕನನ್ನು ಕಾಯುವ ಚೌಕಟ್ಟು ನೆಟ್ಟಗಿರಬೇಕು, ಬೆಲ್ಟನ್ನೂ ಹಾಕಿಕೊಂಡಿರಬೇಕು. ಚೌಕಟ್ಟನ್ನು ಮಡಚಿದ್ದಾಗ ಮಾತ್ರ ಬೆಲ್ಟ್ ಹಾಕಿಕೊಳ್ಳಬಾರದು, ಏಕೆಂದರೆ ಆಗ ಉರುಳುವ ಟ್ರಾಕ್ಟರಿಗೆ ಕಟ್ಟಿಹಾಕಿದಂತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಹಲಗೆಯ ಉಪಾಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಮಗನಿಗೆ ಲಿವರ್ ಹಿಡಿದುಕೊಂಡಿರಲು ಹೇಳಿ, ಎತ್ತಿದ ಬ್ಲೇಡಿನ ಕೆಳಗೆ ಬಗ್ಗಿ ಪಾದಗಳನ್ನು ಸರಿಪಡಿಸಿದೆ. ಆಗ ಒಂದು ಹೈಡ್ರಾಲಿಕ್ ಪೈಪಿನ ಸುತ್ತ ಎಣ್ಣೆಯ ಜಿಡ್ಡು ಕಂಡಿತು. ಅದನ್ನು ಈಗಲೇ ಬದಲಿಸಬೇಕೇ?

ಮೂರನೆಯ ಉತ್ತರ

ಪೈಪನ್ನು ಬದಲಿಸಿ, ಅದಾಗುವವರೆಗೆ ಟ್ರಾಕ್ಟರನ್ನು ಕೆಲಸಕ್ಕೆ ಹಚ್ಚಬೇಡಿ. ಆದರೆ ಅದಕ್ಕಿಂತ ಮೊದಲು, ತಾವು ನಿನ್ನೆ ಮಾಡಿದಂತೆ ಇನ್ನೆಂದೂ ಮಾಡದಿರಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎತ್ತಿದ ಬ್ಲೇಡನ್ನು ಹಿಡಿದಿದ್ದುದು ತಮ್ಮ ಮಗನ ಕೈಯಲ್ಲ, ಜಿಡ್ಡು ಕಂಡಿತೆಂದು ತಾವೇ ಬರೆದಿರುವ ಆ ಪೈಪಿನೊಳಗಿನ ಎಣ್ಣೆ. ಪೈಪು ಒಡೆದರೆ ಲಿವರ್ ಯಾವ ಸ್ಥಾನದಲ್ಲಿದ್ದರೂ ಬ್ಲೇಡು ಕ್ಷಣದಲ್ಲಿ ಕೆಳಗೆ ಬೀಳುತ್ತದೆ.

ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆಯೇ ಕೈಗವಸನ್ನೂ ಚರ್ಮವನ್ನೂ ತೂರಿ ಒಳಹೊಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಅಂಥದ್ದು ಆದರೆ ನೋವಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಸೇರಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಎಲ್ಲಿದೆಯೆಂದು ತಿಳಿಯಬೇಕಾದರೆ ದೂರದಿಂದ ಒಂದು ರಟ್ಟಿನ ತುಂಡನ್ನು ಪೈಪಿನ ಉದ್ದಕ್ಕೂ ಸರಿಸಿ, ಎಲ್ಲಿ ಕಲೆಯಾಗುತ್ತದೆಂದು ನೋಡಿ. ಪೈಪು ಬಿಚ್ಚುವ ಮುನ್ನ ಬ್ಲೇಡನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರನ್ನು ಎಲ್ಲ ದಿಕ್ಕಿಗೂ ಕೆಲವು ಬಾರಿ ಆಡಿಸಿ ಒಳಗಿನ ಒತ್ತಡವನ್ನು ಇಳಿಸಿಕೊಳ್ಳಿ.

ಹಿಮ ಸರಿಸುವ ದಿನ ಮಗ ಜೊತೆಗಿರುವುದಾದರೆ, ಅವನು ತಮಗೆ ಕಾಣುವ ಒಂದೇ ಜಾಗದಲ್ಲಿ, ಹಾದಿಯಿಂದ ಹೊರಗೆ ನಿಂತಿರಲಿ. ಅವನು ಕಣ್ಣಿಗೆ ಬೀಳದಿದ್ದರೆ ಟ್ರಾಕ್ಟರನ್ನು ಹಿಂದಕ್ಕೆ ತೆಗೆಯದೆ ನಿಲ್ಲಿಸಿ, ಬ್ಲೇಡು ಇಳಿಸಿ, ಅವನೆಲ್ಲಿದ್ದಾನೆಂದು ಮೊದಲು ನೋಡಿ.