ಎರಡನೇ ತಿರುವಿನಲ್ಲಿ ನಿಂತುಬಿಡುವ ಬಳ್ಳಿ ರೋಬೋಟ್: ಪ್ರೆಷರ್ ಇದೆ, ತುದಿ ಮಾತ್ರ ಬೆಳೆಯುತ್ತಿಲ್ಲ

ಒಳಹೊರಗು:
ಎಲ್ಲರಿಗೂ ನಮಸ್ಕಾರ. ತುದಿಯಿಂದ ಬೆಳೆಯುವ ಬಳ್ಳಿ ರೋಬೋಟ್ ಮಾಡಿಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಗುಚಿಟ್ಟ ಕಾಲುಚೀಲದೊಳಗೆ ಗಾಳಿ ಊದಿದ ಹಾಗೆ. ಒಳಗಿರುವ ಬಾಲ ತುದಿಯಲ್ಲಿ ಹೊರಕ್ಕೆ ಮಗುಚಿಕೊಳ್ಳುತ್ತಾ ಕೊಳವೆ ಉದ್ದವಾಗುತ್ತದೆ.

ನನ್ನದು ತೆಳು ಪಾಲಿಥೀನ್ ಕೊಳವೆ. ಚಪ್ಪಟೆಯಾಗಿದ್ದಾಗ ಅಗಲ 8 ಸೆಂ.ಮೀ., ಗಾಳಿ ತುಂಬಿದರೆ ವ್ಯಾಸ 5 ಸೆಂ.ಮೀ., ದಪ್ಪ 50 ಮೈಕ್ರಾನ್. ಬಾಲ ಸುತ್ತಿಟ್ಟ ಸುರುಳಿ ಗಾಳಿ ಸೋರದ ಡಬ್ಬಿಯೊಳಗಿದೆ. ಅದರ ಶಾಫ್ಟ್ ಗೋಡೆ ದಾಟಿ ಹೊರಗಿನ ಹಿಡಿಕೆಗೆ ಬರುತ್ತದೆ, ದಾಟುವಲ್ಲಿ ಗಾಳಿ ಸೋರದಂತೆ ರಬ್ಬರಿನ ಓ-ರಿಂಗ್ ಇದೆ. ಪ್ರೆಷರ್ ಅಳೆಯಲು ನೀರು ತುಂಬಿದ ಯು-ಟ್ಯೂಬ್.

ನೆಲದ ಮೇಲೆ ನೇರಕ್ಕೆ ಬಿಟ್ಟರೆ 4 ಮೀಟರ್ ಸಲೀಸಾಗಿ ಹೋಗುತ್ತದೆ. ಎರಡು 90 ಡಿಗ್ರಿ ಎಲ್ಬೋ ಇರುವ ಪಿವಿಸಿ ಪೈಪಿನೊಳಗೆ ಬಿಟ್ಟರೆ ಮೊದಲನೆಯದನ್ನು ದಾಟಿ, ಎರಡನೆಯದರ ಆಚೆ ಇಣುಕಿ ನೋಡಿ ನಿಂತುಬಿಡುತ್ತದೆ. ಅಲ್ಲಿಗೆ ಉದ್ದ ಬರೀ 2 ಮೀಟರ್! ಟಾಲ್ಕಮ್ ಪೌಡರ್ ಹಚ್ಚಿಯಾಯಿತು. ಹಿಡಿಕೆಯನ್ನೂ ಯಾರೂ ಹಿಡಿದುಕೊಂಡಿಲ್ಲ, ಅದರ ಪಾಡಿಗೆ ತಿರುಗಲಿ ಅಂತ ಬಿಟ್ಟಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ?

ಊದುಕೊಳವೆ:
ಪ್ರೆಷರ್ ಸಾಲದು ಅಷ್ಟೇ. ದುಪ್ಪಟ್ಟು ಮಾಡಿ, ತಾನಾಗಿ ಹೋಗುತ್ತೆ.

ಬೇರುತುದಿ:
ದಯವಿಟ್ಟು ಈಗಲೇ ಏರಿಸಬೇಡಿ. ಮೊದಲು ಮೂರು ವಿಷಯ ಹೇಳಿ. ತುದಿ ನಿಂತಾಗ ಯು-ಟ್ಯೂಬಿನಲ್ಲಿ ನೀರಿನ ವ್ಯತ್ಯಾಸ ಎಷ್ಟು? ಪೌಡರ್ ಹಚ್ಚಿದ್ದು ಯಾವ ಮೈಗೆ? ಡಬ್ಬಿಯ ಮುಚ್ಚಳ ತೆಗೆದು, ಬಾಲಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ಎಷ್ಟು ಗ್ರಾಂಗೆ ಸುರುಳಿ ತಿರುಗಲು ಶುರುವಾಗುತ್ತದೆ?

ಒಳಹೊರಗು:
ನಿಮ್ಮ ಉತ್ತರ ನೋಡುವ ಮುಂಚೆಯೇ ಏರಿಸಿಬಿಟ್ಟೆ ಸರ್. ತುದಿ ಒಂದು ಗೇಣು ಮುಂದಕ್ಕೆ ಹೋಯಿತು. ಆಮೇಲೆ ಡಬ್ಬಿಯ ಬಾಯಿಯ ಹತ್ತಿರ ಕೊಳವೆ ಸೋರೆಕಾಯಿಯಂತೆ ಊದಿಕೊಂಡು ಒಡೆಯಿತು. ಯು-ಟ್ಯೂಬಿನ ನೀರೆಲ್ಲ ನನ್ನ ಮೈಮೇಲೆ.

ಹೊಸ ಕೊಳವೆ ಹಾಕಿ ಅಳೆದೆ. ತುದಿ ನಿಂತಾಗಲೂ ನೀರಿನ ವ್ಯತ್ಯಾಸ ಸರಿಯಾಗಿ 1 ಮೀಟರ್ ಇರುತ್ತದೆ. ಪೌಡರನ್ನು ರೋಬೋಟ್ ಬೆಳೆದು ನಿಂತ ಮೇಲೆ ಹೊರಗಡೆ ಉದ್ದಕ್ಕೂ ಸವರಿದ್ದೆ. ತಕ್ಕಡಿ 400 ಗ್ರಾಂ ತೋರಿಸಿತು. ಹಿಂದೊಮ್ಮೆ ಗಾಳಿ ಸೋರುತ್ತಿತ್ತು ಎಂದು ಓ-ರಿಂಗನ್ನು ಬಿಗಿ ಮಾಡಿದ್ದು ನಿಜ.

ಬೇರುತುದಿ:
ಕಳ್ಳ ಸಿಕ್ಕ. ತುದಿಯಲ್ಲಲ್ಲ, ಡಬ್ಬಿಯಲ್ಲಿ: ಶಾಫ್ಟನ್ನು ಬಿಗಿಯಾಗಿ ಹಿಡಿದಿರುವ ಆ ಓ-ರಿಂಗ್.

ನೀರು 1 ಮೀಟರ್ ಅಂದರೆ ಸುಮಾರು 10 ಕಿಲೋಪ್ಯಾಸ್ಕಲ್. ನಿಂತಾಗಲೂ ಅದು ಇಳಿದಿಲ್ಲ, ಹಾಗಾಗಿ ಪಂಪ್ ಮತ್ತು ಸೋರಿಕೆಯನ್ನು ಅನುಮಾನಿಸುವುದು ಬೇಡ. ನಿಮ್ಮ ಕೊಳವೆಯ ಅಡ್ಡಕೊಯ್ತ ಸುಮಾರು 20 ಚದರ ಸೆಂ.ಮೀ. ಅದರ ಮೇಲೆ ಈ ಪ್ರೆಷರ್ ಹಾಕುವ ಬಲ ಸುಮಾರು 2 ಕೆ.ಜಿ. ತೂಕದಷ್ಟು. ಆದರೆ ತುದಿ 1 ಮೀಟರ್ ಮುಂದೆ ಹೋಗಲು ಸುರುಳಿಯಿಂದ 2 ಮೀಟರ್ ಬಿಚ್ಚಿಕೊಳ್ಳಬೇಕು (ಒಂದು ಮೀಟರ್ ಹೊರಗೋಡೆಗೆ, ಇನ್ನೊಂದು ಒಳಗಿನ ಬಾಲಕ್ಕೆ). ಆದ್ದರಿಂದ ಬಾಲವನ್ನು ಎಳೆಯಲು ಸಿಗುವುದು ಅದರಲ್ಲಿ ಅರ್ಧ, 1 ಕೆ.ಜಿ. ಮಾತ್ರ. ಪ್ಲಾಸ್ಟಿಕ್ ಮಗುಚುವುದಕ್ಕೂ ಇದರಲ್ಲೇ ಸ್ವಲ್ಪ ಖರ್ಚಾಗುತ್ತದೆ.

ಇನ್ನು ತಿರುವಿನ ವಿಷಯ. ಬಾವಿಗೆ ಇಳಿಬಿಟ್ಟ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದರೆ ದೊಡ್ಡ ಭಾರವೂ ಒಂದೇ ಕೈಯಲ್ಲಿ ನಿಲ್ಲುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಪ್ರತಿ ತಿರುವಿನಲ್ಲೂ ಬಾಲ ಒಳಗೋಡೆಗೆ ಒತ್ತಿಕೊಂಡು ಜಾರುತ್ತದೆ. ಅಲ್ಲಿ ಎಳೆತ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ. ಕ್ಯಾಪ್‌ಸ್ಟನ್ ಸಮೀಕರಣ ಹೇಳುವುದು ಇದನ್ನೇ. ಘರ್ಷಣಾಂಕ 0.3 ಎಂದು ಹಿಡಿಯಿರಿ. ಒಂದು 90 ಡಿಗ್ರಿ ತಿರುವಿಗೆ 1.6 ಪಟ್ಟು, ಎರಡಕ್ಕೆ 2.56 ಪಟ್ಟು. ನಿಮ್ಮ 400 ಗ್ರಾಂ ಮೊದಲ ಎಲ್ಬೋ ದಾಟಿದಾಗ 640 ಆಗುತ್ತದೆ, ಎರಡನೆಯದನ್ನು ದಾಟಿದಾಗ 1,024. ಕೈಯಲ್ಲಿರುವುದು 1 ಕೆ.ಜಿ. ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ, ಪಾಪ.

ಉದ್ದಕ್ಕೂ ಇದಕ್ಕೂ ಸಂಬಂಧ ಕಡಿಮೆ. ನಿಮ್ಮ ಬಾಲ ಮೀಟರಿಗೆ 7-8 ಗ್ರಾಂ ತೂಗಬಹುದು, ನೇರ ದಾರಿಯಲ್ಲಿ ಅದರ ಉಜ್ಜಾಟ ಲೆಕ್ಕಕ್ಕಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಸಾಂತಾ ಬಾರ್ಬರಾ ವಿಶ್ವವಿದ್ಯಾಲಯಗಳ ಸಂಶೋಧಕರು ಇಂಥದ್ದೇ ಪ್ಲಾಸ್ಟಿಕ್ ಕೊಳವೆಯನ್ನು 72 ಮೀಟರ್‌ವರೆಗೆ ಬೆಳೆಸಿ ತೋರಿಸಿದ್ದರು.

ಪ್ರೆಷರ್ ಏರಿಸಬೇಡಿ ಎಂದದ್ದು ಯಾಕೆ ಅಂದರೆ, 50 ಮೈಕ್ರಾನ್ ಗೋಡೆಗೆ 20 ಕಿಲೋಪ್ಯಾಸ್ಕಲ್ ಕೊಟ್ಟರೆ ಸುತ್ತಳತೆಯ ಉದ್ದಕ್ಕೆ 10 ಮೆಗಾಪ್ಯಾಸ್ಕಲ್ ಬಿಗಿತ ಬೀಳುತ್ತದೆ. ಈ ಜಾತಿಯ ಪಾಲಿಥೀನ್ ಹೆಚ್ಚುಕಡಿಮೆ ಅಲ್ಲಿಗೇ ಹಿಗ್ಗಲು ಶುರುಮಾಡುತ್ತದೆ. ಸೋರೆಕಾಯಿ ಆದದ್ದು ಹಾಗೆ.

ಪೌಡರ್ ಹೊರಮೈಗೆ ಹಚ್ಚಿ ಏನೂ ಪ್ರಯೋಜನವಿಲ್ಲ. ಬೆಳೆದ ಹೊರಗೋಡೆ ಪೈಪಿನ ಮೇಲೆ ಜಾರುವುದೇ ಇಲ್ಲ, ಇಟ್ಟಲ್ಲೇ ಇರುತ್ತದೆ. ಗೋಂದಿನ ಮೇಲೂ ಈ ರೋಬೋಟ್ ಬೆಳೆಯುವುದು ಅದಕ್ಕೇ. ಉಜ್ಜಾಡುವುದು ಒಳಗಡೆ. ಸುರುಳಿಗೆ ಸುತ್ತುವ ಮೊದಲು, ಚಪ್ಪಟೆ ಪಟ್ಟಿಯ ಹೊರಗೆ ಕಾಣುವ ಎರಡೂ ಮೈಗೆ ಹಚ್ಚಿ. ಗಾಳಿಯ ಕಡೆಗೆ ಇರುವುದು ಅದೇ ಮೈ.

ಗೆಡ್ಡೆಗೆಣಸು:
ಇದಕ್ಕೇ ನನಗೆ ಇಟಲಿಯ ಬಾರ್ಬರಾ ಮಜ್ಜೊಲಾಯ್ ಅವರ ತಂಡದ ಬೇರು ರೋಬೋಟ್ ಹೆಚ್ಚು ಇಷ್ಟ. ಅದರ ತುದಿಯಲ್ಲೇ ಪುಟ್ಟ 3ಡಿ ಪ್ರಿಂಟರ್ ಕೂತು ಪ್ಲಾಸ್ಟಿಕ್ ಎಳೆಯನ್ನು ಪದರ ಪದರವಾಗಿ ಸೇರಿಸುತ್ತಾ ಹೋಗುತ್ತದೆ. ಮಗುಚುವ ಬಾಲವೇ ಇಲ್ಲ. ನಿಜವಾದ ಬೇರು ಕೂಡ ತುದಿಯ ಹತ್ತಿರವೇ ತಾನೇ ಹೊಸ ಜೀವಕೋಶ ಸೇರಿಸುವುದು?

ಬೇರುತುದಿ:
ಮಾರಾಯ್ರೆ, ಅದು ಬೆಳೆಯುವುದನ್ನು ನೋಡುತ್ತಾ ಕೂತರೆ ನಮಗೇ ಬೇರು ಬಿಡುತ್ತದೆ. ಮೊದಲು ಇವರ ಓ-ರಿಂಗ್ ಮುಗಿಸೋಣ.

ಶಾಫ್ಟ್ ಗೋಡೆ ದಾಟುವ ವ್ಯವಸ್ಥೆಯನ್ನೇ ತೆಗೆದುಬಿಡಿ. ಸುರುಳಿಯನ್ನು ಎರಡು ಬೇರಿಂಗ್ ಮೇಲೆ ಪೂರ್ತಿ ಡಬ್ಬಿಯೊಳಗೇ ಕೂರಿಸಿ. ಮುಂದೆ ಮೋಟಾರ್ ಬೇಕಾದರೆ ಅದನ್ನೂ ಒಳಗಿಡಿ, ಹೊರಗೆ ಬರುವುದು ವೈರ್ ಮಾತ್ರ ಇರಲಿ. ಆ ತೂತಿಗೆ ಎಪಾಕ್ಸಿ ತುಂಬಿ. ಒಂದು ಎಚ್ಚರಿಕೆ: ಗೇರ್ ಇರುವ ಮೋಟಾರನ್ನು ಚಾಲೂ ಮಾಡದೆ ಬಿಟ್ಟರೆ ಅದೇ ಬ್ರೇಕ್ ಆಗುತ್ತದೆ. ತುದಿಗಿಂತ ದುಪ್ಪಟ್ಟು ವೇಗದಲ್ಲಿ ಅದು ಬಾಲವನ್ನು ಬಿಡುತ್ತಿರಬೇಕು.

ಒಳಹೊರಗು:
ನಿನ್ನೆ ಬಿಚ್ಚಿ ಮತ್ತೆ ಜೋಡಿಸಿದೆ. ತಕ್ಕಡಿ ಈಗ 80 ಗ್ರಾಂ ತೋರಿಸುತ್ತಿದೆ. ಪೌಡರ್ ಸರಿಯಾದ ಮೈಗೆ. ಅದೇ 1 ಮೀಟರ್ ನೀರಿನ ಪ್ರೆಷರಿಗೆ ಎರಡನೇ ಎಲ್ಬೋವನ್ನು ನಿಲ್ಲದೆ ದಾಟಿತು! ಆಸೆ ತಡೆಯಲಾಗದೆ ಇನ್ನೊಂದನ್ನು ಸೇರಿಸಿದೆ, ಅದನ್ನೂ ದಾಟಿತು. ನಾಲ್ಕನೆಯದು ನನ್ನ ಹತ್ತಿರ ಇಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಬಾಲ ಹಿಡಿದು ವಾಪಸ್ ಎಳೆದರೆ ಪೈಪಿನೊಳಗೆ ಸರಿಯಾಗಿ ಮಗುಚಿಕೊಂಡು ಬರುತ್ತದೆ. ಬಯಲಿನಲ್ಲಿ ಹಾವಿನಂತೆ ಸೊಟ್ಟ ಸೊಟ್ಟ ಮಡಚಿಕೊಳ್ಳುತ್ತದೆ. ಇದೂ ಘರ್ಷಣೆಯೇ?

ಬೇರುತುದಿ:
ಅಲ್ಲ, ಇದು ಬೇರೆ ರೋಗ. ಉದ್ದ ಮೈಗೆ ಪಕ್ಕದ ಆಸರೆ ಇಲ್ಲದಿದ್ದರೆ ತುದಿ ಒಳಕ್ಕೆ ಮಗುಚುವುದಕ್ಕಿಂತ ಮೈ ಬಾಗುವುದೇ ಸುಲಭ. ಪೈಪಿನ ಗೋಡೆ ಬಾಗಲು ಬಿಡುವುದಿಲ್ಲ, ಅದಕ್ಕೆ ಅಲ್ಲಿ ಸರಿಯಾಗಿ ಬರುತ್ತದೆ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇದಕ್ಕೆಂದೇ ತುದಿಯೊಳಗೆ ಕೂರುವ ಒಂದು ಸಾಧನ ಮಾಡಿದ್ದರು. ಬಾಲವನ್ನು ಬುಡದಿಂದ ಎಳೆಯದೆ ತುದಿಯಲ್ಲೇ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತದೆ, ಮೈಮೇಲೆ ಭಾರ ಬೀಳುವುದಿಲ್ಲ. ಅದನ್ನು ಮಾಡುವವರೆಗೆ ಬಯಲಿನಲ್ಲಿ ಗಾಳಿ ಪೂರ್ತಿ ಬಿಟ್ಟು ಕೈಯಲ್ಲೇ ಮಡಚಿಕೊಳ್ಳಿ. ನಾನಂತೂ ಹಾಗೇ ಮಾಡುವುದು.