ಪಿತ್ತಕೋಶದ ಕ್ಯಾನ್ಸರಿನಲ್ಲಿ ಪ್ಯಾಪಿಲೋಮಾ ವೈರಸ್ ಸಿಕ್ಕಿದರೆ ಅದೇ ಕಾರಣವೇ? ರೋಗಶಾಸ್ತ್ರ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ – ಅನುಪಮಾ:
ನಮಸ್ಕಾರ ಮೇಡಂ. ನಾನು ರೋಗಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ, ಪಿತ್ತಕೋಶದ ಕ್ಯಾನ್ಸರ್ ಗಡ್ಡೆಗಳಲ್ಲಿ ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ವರ್ಧಿಸಿ ಪತ್ತೆಮಾಡುವ ಪರೀಕ್ಷೆ) ಮೂಲಕ ಪ್ಯಾಪಿಲೋಮಾ ವೈರಸ್‌ನ ಡಿಎನ್‌ಎ ಪತ್ತೆಯಾಗಿದೆ ಎನ್ನುವ ವರದಿಗಳೂ, ಒಂದರಲ್ಲೂ ಸಿಗಲಿಲ್ಲ ಎನ್ನುವ ವರದಿಗಳೂ ಕಣ್ಣಿಗೆ ಬಿದ್ದವು. ಗರ್ಭಕಂಠದ ಕ್ಯಾನ್ಸರಿಗೆ ಈ ವೈರಸ್ ಕಾರಣವೆಂಬುದು ಈಗ ನಿರ್ವಿವಾದ. ಪಿತ್ತಕೋಶದ ಕ್ಯಾನ್ಸರ್ ಕೂಡ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೀಗಿರುವಾಗ ಇವೆರಡಕ್ಕೂ ಒಂದೇ ವೈರಸ್ ಕಾರಣವಾಗಿರಬಹುದು ಎಂಬ ಊಹೆಯನ್ನು ಇಟ್ಟುಕೊಂಡು ಅಧ್ಯಯನ ಮಾಡಬಹುದೇ?

ಉತ್ತರ:
ಅನುಪಮಾ ಅವರೇ, ಊಹೆಯನ್ನು ಪರೀಕ್ಷಿಸಲು ಅಡ್ಡಿಯಿಲ್ಲ. ಆದರೆ ಈವರೆಗಿನ ಪುರಾವೆಗಳು ಆ ಊಹೆಯ ಪರವಾಗಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಚ್‌ಪಿವಿ (ಪ್ಯಾಪಿಲೋಮಾ ವೈರಸ್) 16ನೇ ವಿಧದಿಂದ ಕ್ಯಾನ್ಸರ್ ಬರುವುದು ಖಚಿತವೆಂದು ಹೇಳಿರುವ ಅಂಗಗಳಲ್ಲಿ ಗರ್ಭಕಂಠ, ಯೋನಿ, ಭಗ, ಶಿಶ್ನ, ಗುದದ್ವಾರ, ಬಾಯಿ ಮತ್ತು ಗಂಟಲಿನ ಭಾಗಗಳು ಸೇರಿವೆ, ಪಿತ್ತಕೋಶ ಸೇರಿಲ್ಲ.

ಗರ್ಭಕಂಠದ ವಿಷಯದಲ್ಲಿ ವೈರಸ್ ಕಾರಣವೆಂದು ಒಪ್ಪಿದ್ದು ಡಿಎನ್‌ಎ ಸಿಕ್ಕಿತೆಂಬ ಒಂದೇ ಆಧಾರದ ಮೇಲಲ್ಲ. ಹರಾಲ್ಡ್ ಸುರ್ ಹೌಸೆನ್ ಅವರ ತಂಡ 1983ರಲ್ಲಿ ಎಚ್‌ಪಿವಿ 16ನ್ನೂ 1984ರಲ್ಲಿ ಎಚ್‌ಪಿವಿ 18ನ್ನೂ ಗರ್ಭಕಂಠದ ಗಡ್ಡೆಗಳಲ್ಲಿ ಗುರುತಿಸಿತು. ಆ ಕೆಲಸಕ್ಕೆ ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು. ಅಷ್ಟರೊಳಗೆ ಇತರ ಪುರಾವೆಗಳು ಒಂದರ ಮೇಲೊಂದು ಸೇರಿದ್ದವು. ಅನೇಕ ದೇಶಗಳ ಗಡ್ಡೆಗಳನ್ನು ಮರುಪರೀಕ್ಷಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 99.7 ಶೇಕಡದಷ್ಟು ಗಡ್ಡೆಗಳಲ್ಲಿ ವೈರಸ್ ಇತ್ತು. ಸೋಂಕು ಮೊದಲು, ಕ್ಯಾನ್ಸರ್‌ಪೂರ್ವ ಬದಲಾವಣೆ ಆಮೇಲೆ, ಕ್ಯಾನ್ಸರ್ ಕೊನೆಗೆ ಎಂಬ ಕ್ರಮವು ವರ್ಷಗಟ್ಟಲೆ ಗಮನಿಸಿದ ಮಹಿಳೆಯರಲ್ಲಿ ಸ್ಪಷ್ಟವಾಗಿ ಕಂಡಿತು. ಕೊನೆಯದಾಗಿ, ಲಸಿಕೆಯ ಮೂಲಕ ಸೋಂಕನ್ನು ತಡೆದಾಗ ಕ್ಯಾನ್ಸರೂ ಇಳಿಯಿತು: ಸ್ವೀಡನ್ನಿನಲ್ಲಿ 17 ವರ್ಷಕ್ಕೆ ಮುಂಚೆ ಲಸಿಕೆ ಪಡೆದವರಲ್ಲಿ ಆಕ್ರಮಣಕಾರಿ ಗರ್ಭಕಂಠದ ಕ್ಯಾನ್ಸರ್ 88 ಶೇಕಡ ಕಡಿಮೆ ಇತ್ತೆಂದು 2020ರಲ್ಲಿ ವರದಿಯಾಯಿತು. ಕಾರಣವನ್ನು ತೆಗೆದಾಗ ಪರಿಣಾಮವೂ ಇಳಿಯುವುದಕ್ಕಿಂತ ಬಲವಾದ ಸಾಕ್ಷ್ಯ ಬೇರೆಯಿಲ್ಲ.

ಈಗ ಜೀವಕೋಶದೊಳಗೆ ನಡೆಯುವುದನ್ನು ನೋಡೋಣ. ವೈರಸ್‌ನ ಇ6 ಪ್ರೋಟೀನು ನಮ್ಮ ಪಿ53 ಪ್ರೋಟೀನನ್ನು ನಾಶಕ್ಕೆ ಒಪ್ಪಿಸುತ್ತದೆ. ಇ7 ಪ್ರೋಟೀನು ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಎರಡು ಮುಖ್ಯ ಪ್ರೋಟೀನುಗಳು ಹೀಗೆ ನಿಷ್ಕ್ರಿಯವಾಗುತ್ತವೆ. ಆದ್ದರಿಂದಲೇ ಗರ್ಭಕಂಠದ ಹೆಚ್ಚಿನ ಗಡ್ಡೆಗಳಲ್ಲಿ ಪಿ53 ಪ್ರೋಟೀನನ್ನು ತಯಾರಿಸುವ ಟಿಪಿ53 ಜೀನು ರೂಪಾಂತರಗೊಂಡಿರುವುದಿಲ್ಲ. ಅದರ ಪ್ರೋಟೀನನ್ನು ವೈರಸ್ಸೇ ಇಲ್ಲವಾಗಿಸುವಾಗ ಜೀನು ಕೆಡಬೇಕಾದ ಅಗತ್ಯವೇ ಬೀಳುವುದಿಲ್ಲ. ಪಿತ್ತಕೋಶದ ಕ್ಯಾನ್ಸರಿನಲ್ಲಿ ಚಿತ್ರ ಇದಕ್ಕೆ ತಿರುಗುಮುರುಗು: ಅಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ದೋಷಗಳಲ್ಲಿ ಟಿಪಿ53 ರೂಪಾಂತರವೇ ಮೊದಲನೆಯದು, ಅದೂ ಕ್ಯಾನ್ಸರ್‌ಪೂರ್ವ ಹಂತದಲ್ಲೇ ಆರಂಭವಾಗಿರುತ್ತದೆ. ವೈರಸ್ ಅಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದರೆ ಈ ರೂಪಾಂತರ ಇಷ್ಟು ಸಾಮಾನ್ಯವಾಗಿರುವುದು ಏಕೆ ಎಂಬ ಪ್ರಶ್ನೆಗೆ, ಪಿಸಿಆರ್ ಫಲಿತಾಂಶವನ್ನಷ್ಟೇ ನೆಚ್ಚಿಕೊಂಡ ಲೇಖನಗಳಲ್ಲಿ ಉತ್ತರ ಸಿಗುವುದಿಲ್ಲ.

ವೈರಸ್ ಅಲ್ಲಿಗೆ ತಲುಪುವ ದಾರಿಯೂ ಸ್ಪಷ್ಟವಿಲ್ಲ. ಎಚ್‌ಪಿವಿ ಚರ್ಮ ಮತ್ತು ಲೋಳೆಪೊರೆಯ ಸೂಕ್ಷ್ಮ ಗಾಯಗಳ ಮೂಲಕ ತಳಪದರದ ಕೋಶಗಳನ್ನು ಹೊಕ್ಕು ಅಲ್ಲೇ ಉಳಿಯುತ್ತದೆ. ಹೆಪಟೈಟಿಸ್ ಬಿ ವೈರಸ್‌ನಂತೆ ರಕ್ತದಲ್ಲಿ ಸಂಚರಿಸಿ ಒಳಾಂಗಗಳಿಗೆ ಹೋಗುವ ಸ್ವಭಾವ ಅದರದಲ್ಲ. ಪಿತ್ತಕೋಶದ ಒಳಪದರ ಒಂದೇ ಸಾಲಿನ ಸ್ತಂಭಾಕಾರದ ಕೋಶಗಳದ್ದು. ಆದರೆ ಅದು ಬಹುಪದರವಲ್ಲ ಎಂಬ ಒಂದೇ ಕಾರಣಕ್ಕೆ ವೈರಸ್ಸನ್ನು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಗರ್ಭಕಂಠದ ಗ್ರಂಥಿಕೋಶಗಳಲ್ಲಿ ಹುಟ್ಟುವ ಅಡಿನೊಕಾರ್ಸಿನೋಮಾಗಳಲ್ಲೂ ಎಚ್‌ಪಿವಿ, ವಿಶೇಷವಾಗಿ 18ನೇ ವಿಧ, ಕಾರಣವಾಗಿರುತ್ತದೆ.

ಹೆಂಗಸರಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೆಚ್ಚೇಕೆ ಎಂಬುದಕ್ಕೆ ಹೆಚ್ಚು ಸರಳವಾದ ವಿವರಣೆಯಿದೆ. ಈಸ್ಟ್ರೋಜನ್ ಹಾರ್ಮೋನು ಪಿತ್ತರಸದಲ್ಲಿ ಕೊಲೆಸ್ಟರಾಲ್ ಪ್ರಮಾಣವನ್ನು ಏರಿಸುವುದರಿಂದ ಅವರಲ್ಲಿ ಕಲ್ಲುಗಳು ಹೆಚ್ಚು. ಈ ಕ್ಯಾನ್ಸರಿನ ಬಹುಪಾಲು ರೋಗಿಗಳಲ್ಲಿ ಕಲ್ಲಿರುತ್ತದೆ; ಹಾಗೆಂದು ಕಲ್ಲಿರುವ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ. ಭೂಪಟವೂ ಇದನ್ನೇ ಸೂಚಿಸುತ್ತದೆ. ಪಿತ್ತಕೋಶದ ಕ್ಯಾನ್ಸರ್ ಹೆಚ್ಚಾಗಿರುವುದು ಚಿಲಿ, ಬೊಲಿವಿಯಾ ಮತ್ತು ಉತ್ತರ ಭಾರತದ ಗಂಗಾ ಬಯಲಿನಲ್ಲಿ. ಗರ್ಭಕಂಠದ ಕ್ಯಾನ್ಸರ್ ಅತಿ ಹೆಚ್ಚಾಗಿರುವುದು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ, ಅಲ್ಲಿ ಪಿತ್ತಕೋಶದ ಕ್ಯಾನ್ಸರ್ ವಿರಳ. ಒಂದೇ ವೈರಸ್ ಎರಡಕ್ಕೂ ಮುಖ್ಯ ಕಾರಣವಾಗಿದ್ದರೆ ಈ ಎರಡು ನಕ್ಷೆಗಳು ಇಷ್ಟೊಂದು ಬೇರೆಯಾಗಿರುತ್ತಿರಲಿಲ್ಲ.

ಪಿತ್ತಕೋಶದಲ್ಲಿ ಸೋಂಕಿನ ಪಾತ್ರವನ್ನೇ ಹುಡುಕುವುದಾದರೆ ನಾನು ವೈರಸ್ಸಿಗಿಂತ ಮೊದಲು ಬ್ಯಾಕ್ಟೀರಿಯಾದ ಕಡೆ ನೋಡುತ್ತೇನೆ. ಟೈಫಾಯ್ಡ್ ಗುಣವಾದ ಮೇಲೂ ಸಾಲ್ಮೊನೆಲ್ಲಾ ಟೈಫಿ ಕೆಲವರ ಪಿತ್ತಕೋಶದಲ್ಲಿ, ಮುಖ್ಯವಾಗಿ ಕಲ್ಲಿನ ಮೇಲ್ಮೈಗೆ ಅಂಟಿಕೊಂಡು, ವರ್ಷಗಟ್ಟಲೆ ಉಳಿಯುತ್ತದೆ. ಇಂಥ ವಾಹಕರಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ.

ಪ್ರಶ್ನೆ – ಅನುಪಮಾ:
ಧನ್ಯವಾದ ಮೇಡಂ. ಹಾಗಾದರೆ ಕೆಲವರಿಗೆ ಪಿಸಿಆರ್‌ನಲ್ಲಿ ವೈರಸ್ ಸಿಕ್ಕಿದ್ದು ಹೇಗೆ? ಪಿತ್ತಕೋಶದ ಗಡ್ಡೆಯಲ್ಲಿ ಪಿ16 ಎಂಬ ಪ್ರೋಟೀನಿನ ಪರೀಕ್ಷೆ ಪಾಸಿಟಿವ್ ಬಂದರೆ ಅದನ್ನು ವೈರಸ್‌ನ ಗುರುತೆಂದು ತೆಗೆದುಕೊಳ್ಳಬಹುದೇ?

ಉತ್ತರ:
ಮೊದಲು ಪಿಸಿಆರ್. ಅದು ಕೆಲವೇ ಪ್ರತಿಗಳಷ್ಟು ಡಿಎನ್‌ಎಯನ್ನೂ ಹಿಡಿದು ತೋರಿಸಬಲ್ಲದು. ಅದರ ಶಕ್ತಿಯೂ ಅದೇ, ಅಪಾಯವೂ ಅದೇ. ಬಹುತೇಕ ಪ್ರಯೋಗಾಲಯಗಳಲ್ಲಿ ಗರ್ಭಕಂಠದ ಬಯಾಪ್ಸಿ ಬ್ಲಾಕುಗಳನ್ನೂ (ಮೇಣದಲ್ಲಿ ಹುದುಗಿಸಿದ ಅಂಗಾಂಶ) ಪಿತ್ತಕೋಶದ ಬ್ಲಾಕುಗಳನ್ನೂ ಒಂದೇ ಮೈಕ್ರೋಟೋಮ್ ಯಂತ್ರದಲ್ಲಿ ತೆಳುವಾಗಿ ಕತ್ತರಿಸುತ್ತಾರೆ. ಬ್ಲೇಡು ಬದಲಿಸದೆ, ಯಂತ್ರದ ಮೇಲಿನ ಮೇಣದ ಚೂರುಗಳನ್ನು ಒರೆಸದೆ ಮುಂದಿನ ಬ್ಲಾಕಿಗೆ ಹೋದರೆ ಮೊದಲನೆಯದರ ವೈರಸ್ ಎರಡನೆಯದರ ಟ್ಯೂಬಿಗೆ ಸೇರಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಪ್ರತಿ ಮಾದರಿಯ ನಡುವೆ ಅಂಗಾಂಶವಿಲ್ಲದ ಖಾಲಿ ಮೇಣದ ಬ್ಲಾಕೊಂದನ್ನು ಕತ್ತರಿಸಿ ಅದನ್ನೂ ಪರೀಕ್ಷೆಗೆ ಹಾಕಬೇಕು. ಇಂಥ ಲೇಖನವನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಒಂದು ವಾಕ್ಯವನ್ನು. ಅದು ಇಲ್ಲದಿದ್ದರೆ ಫಲಿತಾಂಶದ ಕೋಷ್ಟಕಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. ಫಾರ್ಮಲಿನ್ ಡಿಎನ್‌ಎಯನ್ನು ಚೂರುಚೂರು ಮಾಡುವುದರಿಂದ, ಸುಮಾರು 450 ಬೇಸ್‌ಜೋಡಿಗಳ ತುಣುಕನ್ನು ವರ್ಧಿಸುವ ಹಳೆಯ ಪ್ರೈಮರುಗಳು (ಪಿಸಿಆರ್ ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಹಳೆಯ ಬ್ಲಾಕುಗಳಲ್ಲಿ ಸೋಲುತ್ತವೆ. 150ರ ಆಸುಪಾಸಿನ ಅಥವಾ ಅದಕ್ಕಿಂತ ಚಿಕ್ಕ ತುಣುಕನ್ನು ಹುಡುಕುವ ಪ್ರೈಮರುಗಳು ವಾಸಿ. ಮನುಷ್ಯನದೇ ಬೀಟಾ ಗ್ಲೋಬಿನ್ ಜೀನು ಸಿಗದ ಮಾದರಿಯನ್ನು ನೆಗೆಟಿವ್ ಎಂದು ಬರೆಯಬಾರದು. ಅದು ಪರೀಕ್ಷೆಗೆ ಅರ್ಹವಲ್ಲದ ಮಾದರಿ.

ಇನ್ನು ಪಿ16. ಇ7 ಪ್ರೋಟೀನು ಆರ್‌ಬಿಯನ್ನು ನಿಷ್ಕ್ರಿಯಗೊಳಿಸಿದಾಗ ಕೋಶವು ಪಿ16ನ್ನು ಅತಿಯಾಗಿ ತಯಾರಿಸತೊಡಗುತ್ತದೆ; ಗರ್ಭಕಂಠದಲ್ಲಿ ಇದು ವೈರಸ್‌ನ ನಂಬಿಕೆಗೆ ಅರ್ಹವಾದ ಪರೋಕ್ಷ ಗುರುತು. ಆರ್‌ಬಿ ಬೇರೆ ಯಾವ ಕಾರಣದಿಂದ ಕೆಟ್ಟರೂ ಪಿ16 ಹೀಗೆಯೇ ಏರುತ್ತದೆ, ಕೋಶಗಳು ಮುಪ್ಪಾದಾಗಲೂ ಏರುತ್ತದೆ. ಗರ್ಭಕಂಠದಲ್ಲಿಯೂ ತಳದಿಂದ ಮೇಲಕ್ಕೆ ಎಡೆಬಿಡದೆ, ಕೋಶಕೇಂದ್ರದಲ್ಲಿ, ಅಥವಾ ಕೋಶಕೇಂದ್ರ ಮತ್ತು ಕೋಶದ್ರವ ಎರಡರಲ್ಲೂ, ಗಾಢವಾಗಿ ಬಣ್ಣ ಹಿಡಿದರೆ ಮಾತ್ರ ಪಾಸಿಟಿವ್ ಎನ್ನುತ್ತೇವೆ. ಅಲ್ಲಲ್ಲಿ ತೇಪೆಯಂತೆ ಕಂಡರೆ ಅಲ್ಲ. ಪಿತ್ತಕೋಶದಲ್ಲಿ ಪಿ16 ಒಂದನ್ನೇ ಹಿಡಿದು ವೈರಸ್ ಇದೆಯೆಂದು ಬರೆಯಲು ಆಧಾರವಿಲ್ಲ.

ಪ್ರಶ್ನೆ – ಸುಮಿತ್ರಾ:
ಮೇಡಂ, ನಾನು ವೈದ್ಯಕೀಯ ಕ್ಷೇತ್ರದವಳಲ್ಲ. ತಪಾಸಣೆಯಲ್ಲಿ ನನಗೆ ಎಚ್‌ಪಿವಿ ಪಾಸಿಟಿವ್ ಬಂದಿದೆ. ಪಿತ್ತಕೋಶದಲ್ಲಿ ಕಲ್ಲುಗಳಿರುವುದು ಮೊದಲೇ ಗೊತ್ತಿತ್ತು. ಮೇಲಿನ ಚರ್ಚೆ ಓದಿ ಗಾಬರಿಯಾಗಿದೆ. ವೈರಸ್ ಕಲ್ಲಿಗೆ ತಗಲಿ ಕ್ಯಾನ್ಸರ್ ಆಗುತ್ತದೆಯೇ?

ಉತ್ತರ:
ಇಲ್ಲ, ಸುಮಿತ್ರಾ ಅವರೇ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಎಚ್‌ಪಿವಿ ಪಾಸಿಟಿವ್ ಎಂದರೆ ಸೋಂಕು ಇದೆ ಎಂದಷ್ಟೇ ಅರ್ಥ, ಕ್ಯಾನ್ಸರ್ ಇದೆ ಎಂದಲ್ಲ. ಬಹುಪಾಲು ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಇಲ್ಲವಾಗುತ್ತವೆ. ವರದಿಯಲ್ಲಿ 16 ಅಥವಾ 18ನೇ ವಿಧವೆಂದಿದ್ದರೆ ಸಾಮಾನ್ಯವಾಗಿ ನೇರವಾಗಿ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ಪರೀಕ್ಷೆ) ಮಾಡುತ್ತಾರೆ. ಬೇರೆ ವಿಧವಾಗಿದ್ದರೆ ಪ್ಯಾಪ್ ಪರೀಕ್ಷೆ (ಗರ್ಭಕಂಠದಿಂದ ತೆಗೆದ ಕೋಶಗಳ ಪರೀಕ್ಷೆ) ನೋಡಿ ಮುಂದಿನದನ್ನು ನಿರ್ಧರಿಸುತ್ತಾರೆ. ಸ್ತ್ರೀರೋಗ ತಜ್ಞರ ಆ ಭೇಟಿಯನ್ನು ಮಾತ್ರ ತಪ್ಪಿಸಬೇಡಿ.

ಕಲ್ಲಿನ ವಿಷಯಕ್ಕೆ ಶಸ್ತ್ರಚಿಕಿತ್ಸಕರನ್ನು ಕಾಣಿರಿ. ಕಲ್ಲು 3 ಸೆಂಟಿಮೀಟರಿಗಿಂತ ದೊಡ್ಡದೇ, 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ (ಒಳಪದರದಿಂದ ಚಾಚಿದ ಗಂಟು) ಇದೆಯೇ, ಗೋಡೆಯಲ್ಲಿ ಸುಣ್ಣ ಕಟ್ಟಿದೆಯೇ ಅಥವಾ ಗೋಡೆ ಒಂದು ಕಡೆ ಮಾತ್ರ ದಪ್ಪವಾಗಿದೆಯೇ ಎಂದು ಸ್ಕ್ಯಾನ್ ವರದಿ ತೋರಿಸಿ ಕೇಳಿ. ಇವು ಯಾವುವೂ ಇಲ್ಲದೆ, ನೋವೂ ಇಲ್ಲದಿದ್ದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಎಚ್‌ಪಿವಿ ಇದೆ ಎಂಬ ಕಾರಣಕ್ಕೆ ಪಿತ್ತಕೋಶವನ್ನು ತೆಗೆಸಬೇಕಾಗಿಲ್ಲ.

ಪ್ರಶ್ನೆ – ಮೋಹನ:
ಕಲ್ಲಿನ ಕಾರಣಕ್ಕೆ ನಮ್ಮ ತಾಯಿಯ ಪಿತ್ತಕೋಶವನ್ನು ತೆಗೆದಿದ್ದಾರೆ. ವರದಿಯಲ್ಲಿ ‘ಹೈ ಗ್ರೇಡ್ ಡಿಸ್‌ಪ್ಲೇಸಿಯಾ, ಇನ್ನಷ್ಟು ಭಾಗಗಳನ್ನು ಪರೀಕ್ಷಿಸಲಾಗುತ್ತಿದೆ’ ಎಂದಿದೆ. ಇದು ಕ್ಯಾನ್ಸರೇ? ಒಮ್ಮೆ ನೋಡಿದ ಮೇಲೆ ಮತ್ತೆ ನೋಡುವುದೇಕೆ?

ಉತ್ತರ:
ಮೋಹನ ಅವರೇ, ಸ್ಲೈಡು ನೋಡದೆ ನಿಮ್ಮ ತಾಯಿಯವರ ಬಗ್ಗೆ ನಾನು ತೀರ್ಪು ಹೇಳಲಾಗದು. ಆದರೆ ಆ ವಾಕ್ಯವನ್ನು ಬರೆದವರು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ. ಹೈ ಗ್ರೇಡ್ ಡಿಸ್‌ಪ್ಲೇಸಿಯಾ ಎಂದರೆ ಒಳಪದರದ ಕೋಶಗಳು ಕ್ಯಾನ್ಸರ್ ಕೋಶಗಳಂತೆ ಬದಲಾಗಿದ್ದರೂ ಗೋಡೆಯ ಆಳಕ್ಕೆ ಇಳಿದಿಲ್ಲ ಎಂದು. ಮಾಮೂಲಿಯಾಗಿ ನಾವು ಪಿತ್ತಕೋಶದಿಂದ ಕೆಲವೇ ತುಂಡುಗಳನ್ನು ತೆಗೆದು ನೋಡುತ್ತೇವೆ: ನಾಳವನ್ನು ಕತ್ತರಿಸಿದ ಅಂಚು, ನಡುಭಾಗ, ತುದಿ. ಬರಿಗಣ್ಣಿಗೆ ಈ ಬದಲಾವಣೆ ಕಾಣುವುದೇ ಇಲ್ಲವೆನ್ನಬಹುದು. ಆದ್ದರಿಂದ ಒಂದು ತುಂಡಿನಲ್ಲಿ ಸಿಕ್ಕಿದರೆ ಉಳಿದ ಪಿತ್ತಕೋಶವನ್ನೂ, ಸಾಧ್ಯವಾದರೆ ಇಡಿಯಾಗಿ, ಪರೀಕ್ಷಿಸಬೇಕು. ಪಕ್ಕದಲ್ಲೇ ಆಳಕ್ಕಿಳಿದ ಕ್ಯಾನ್ಸರ್ ಅಡಗಿರಬಹುದು.

ಪಿತ್ತಕೋಶದ ಗೋಡೆಯ ರಚನೆ ಈ ಹುಡುಕಾಟವನ್ನು ಕಷ್ಟಗೊಳಿಸುತ್ತದೆ. ಕರುಳಿನಲ್ಲಿರುವಂತೆ ಇಲ್ಲಿ ಸಬ್‌ಮ್ಯುಕೋಸಾ ಪದರವಿಲ್ಲ. ಒಳಪದರದ ಕೆಳಗೆ ನೇರವಾಗಿ ಸ್ನಾಯು. ಜೊತೆಗೆ, ದೀರ್ಘಕಾಲದ ಉರಿಯೂತವಿದ್ದಾಗ ಒಳಪದರವು ರೊಕಿಟಾನ್‌ಸ್ಕಿ–ಆಶಾಫ್ ಸೈನಸ್ ಎಂಬ ಚೀಲಗಳಾಗಿ ಸ್ನಾಯುವಿನೊಳಗೆ ಇಳಿದಿರುತ್ತದೆ. ಡಿಸ್‌ಪ್ಲೇಸಿಯಾ ಆ ಚೀಲಗಳ ಗೋಡೆಗುಂಟ ಹಬ್ಬಿದಾಗ ಕ್ಯಾನ್ಸರ್ ಆಳಕ್ಕಿಳಿದಂತೆಯೇ ತೋರುತ್ತದೆ, ನಿಜವಾಗಿ ಇಳಿದಿರುವುದಿಲ್ಲ. ಇವೆರಡನ್ನು ಬೇರ್ಪಡಿಸುವುದು ನಮ್ಮ ವೃತ್ತಿಯ ನಿಜಕ್ಕೂ ತಲೆನೋವಿನ ಕೆಲಸಗಳಲ್ಲೊಂದು. ವರದಿ ತಡವಾದರೆ ದಯವಿಟ್ಟು ಬೇಸರಿಸಬೇಡಿ.

ಎಷ್ಟು ಆಳ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಡಿಸ್‌ಪ್ಲೇಸಿಯಾ ಮಾತ್ರವಿದ್ದು ನಾಳದ ಅಂಚು ಶುದ್ಧವಾಗಿದ್ದರೆ, ಅಥವಾ ಕ್ಯಾನ್ಸರ್ ಸ್ನಾಯುವನ್ನು ಮುಟ್ಟದ ಟಿ1ಎ ಹಂತದಲ್ಲಿದ್ದರೆ, ಈಗಾಗಲೇ ಮಾಡಿರುವ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಸಾಕಾಗುತ್ತದೆ. ಸ್ನಾಯುವಿಗೆ ಇಳಿದ ಟಿ1ಬಿ ಅಥವಾ ಅದರಾಚೆಯಾದರೆ ಯಕೃತ್ತಿನ ಪಕ್ಕದ ಭಾಗವನ್ನೂ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುವ ಎರಡನೇ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಸಲಹೆ ಮಾಡುತ್ತಾರೆ. ಪೂರ್ಣ ವರದಿ ಬಂದ ಮೇಲೆ ಆಳ ಎಷ್ಟು, ನಾಳದ ಅಂಚು ಹೇಗಿದೆ, ದುಗ್ಧಗ್ರಂಥಿ ಸಿಕ್ಕಿತ್ತೇ ಎಂಬ ಮೂರನ್ನು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ – ಅನುಪಮಾ:
ಕೊನೆಯ ಪ್ರಶ್ನೆ ಮೇಡಂ. ಹಾಗಾದರೆ ಈ ವಿಷಯವನ್ನೇ ಕೈಬಿಡಲೇ?

ಉತ್ತರ:
ಬಿಡಬೇಕಾಗಿಲ್ಲ, ಪ್ರಶ್ನೆಯನ್ನು ಬದಲಿಸಿಕೊಳ್ಳಿ. ‘ವೈರಸ್ ಇದೆಯೇ’ ಎಂದು ಕೇಳುವ ಬದಲು ‘ಗಡ್ಡೆಯ ಕೋಶಗಳಲ್ಲಿ ವೈರಸ್ ಕೆಲಸ ಮಾಡುತ್ತಿದೆಯೇ’ ಎಂದು ಕೇಳಿ. ಅದಕ್ಕೆ ಇ6 ಮತ್ತು ಇ7 ಜೀನುಗಳ ಆರ್‌ಎನ್‌ಎಯನ್ನು ಸ್ಲೈಡಿನ ಮೇಲೆಯೇ ತೋರಿಸುವ ಇನ್ ಸಿಟು ಹೈಬ್ರಿಡೈಸೇಶನ್ ವಿಧಾನ ಸೂಕ್ತ, ಏಕೆಂದರೆ ಆರ್‌ಎನ್‌ಎ ಇರುವಲ್ಲಿ ಚುಕ್ಕೆಗಳು ಮೂಡುತ್ತವೆ, ಅವು ಬಿದ್ದದ್ದು ಕ್ಯಾನ್ಸರ್ ಕೋಶದ ಮೇಲೆಯೋ, ಪಕ್ಕದ ಅಂಗಾಂಶದ ಮೇಲೆಯೋ ಎಂಬುದನ್ನು ಕಣ್ಣಾರೆ ನೋಡಬಹುದು. ಪಾಸಿಟಿವ್ ಹೋಲಿಕೆಗೆ ಗರ್ಭಕಂಠದ ಗಡ್ಡೆಗಳನ್ನೂ, ನೆಗೆಟಿವ್ ಹೋಲಿಕೆಗೆ ಬರೀ ಉರಿಯೂತವಿರುವ ಪಿತ್ತಕೋಶಗಳನ್ನೂ ಇಟ್ಟುಕೊಳ್ಳಿ; ಅದೇ ಗಡ್ಡೆಗಳಲ್ಲಿ ಪಿ16 ಮತ್ತು ಪಿ53 ಬಣ್ಣಗಳನ್ನೂ ಹಾಕಿಸಿ. ಅಪರೂಪದ ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಮತ್ತು ಅಡಿನೊಸ್ಕ್ವೇಮಸ್ (ಗ್ರಂಥಿಕೋಶಗಳೂ ಚಪ್ಪಟೆ ಕೋಶಗಳೂ ಬೆರೆತ) ಗಡ್ಡೆಗಳು ನಿಮ್ಮ ವಿಭಾಗದ ಸಂಗ್ರಹದಲ್ಲಿದ್ದರೆ ಅವನ್ನು ತಪ್ಪದೆ ಸೇರಿಸಿ, ಸಂಖ್ಯೆ ಚಿಕ್ಕದಾದರೂ ಚಿಂತೆಯಿಲ್ಲ. ಹೊಸ ಮಾದರಿಗಳನ್ನೂ ಸೇರಿಸುವುದಾದರೆ ಶಸ್ತ್ರಚಿಕಿತ್ಸಾ ವಿಭಾಗದವರೊಂದಿಗೆ ಮೊದಲೇ ಮಾತನಾಡಿ, ಪಿತ್ತಕೋಶವನ್ನು ಉದ್ದಕ್ಕೆ ಸೀಳಿ ತಡಮಾಡದೆ ಫಾರ್ಮಲಿನ್‌ನಲ್ಲಿ ಹಾಕುವಂತೆ ಕೇಳಿಕೊಳ್ಳಿ. ಮುಚ್ಚಿದಂತೆಯೇ ಕಳುಹಿಸಿದರೆ ಪಿತ್ತರಸವೇ ಒಳಪದರವನ್ನು ಕರಗಿಸಿಬಿಡುತ್ತದೆ, ಆಮೇಲೆ ಯಾವ ಪರೀಕ್ಷೆ ಮಾಡಿದರೂ ನೋಡಲು ಕೋಶಗಳೇ ಉಳಿದಿರುವುದಿಲ್ಲ.