‘ಬುಡಕಟ್ಟು ನಿಗಮ’ ಸರಿಯೇ? ಅಲಾಸ್ಕದ ಷೇರು ಕಂಪನಿಗಳಿಗೆ ಕನ್ನಡ ಪದ

ಪ್ರಶ್ನೆ:

ಅಲಾಸ್ಕದ ಭೂಹಕ್ಕಿನ ಬಗ್ಗೆ ಒಂದು ಬರಹ ಕನ್ನಡಕ್ಕೆ ಬರುತ್ತಿದೆ. ಅಲ್ಲಿನ ಮೂಲಜನರ ಭೂಹಕ್ಕಿನ ತಕರಾರು ಮುಗಿಸಲು ಅಮೆರಿಕ ತಂದ 1971ರ ಕಾಯ್ದೆಯಿಂದ ಹುಟ್ಟಿದ ಕಾರ್ಪೊರೇಷನ್‌ಗಳಿಗೆ ಕರಡಿನಲ್ಲಿ ‘ಬುಡಕಟ್ಟು ನಿಗಮ’ ಎಂದಿದೆ, ಹಳ್ಳಿ ಮಟ್ಟದವಕ್ಕೆ ‘ಗ್ರಾಮ ನಿಗಮ’. ಅದರಲ್ಲಿರುವವರು ‘ಸದಸ್ಯರು’. ನೆಲದಡಿಯ ಹಕ್ಕು ‘ಖನಿಜ ಹಕ್ಕು’. ವರ್ಷಕ್ಕೊಮ್ಮೆ ಸಿಗುವ ಹಣ ‘ಸಹಾಯಧನ’. ಓದಲು ಸರಾಗವಾಗಿದೆ, ಅರ್ಥ ಸರಿಯಾಗಿ ಕೂರುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ:

ಐದರಲ್ಲಿ ಒಂದೂ ಕೂರುವುದಿಲ್ಲ. ಮೊದಲು ‘ನಿಗಮ’ವನ್ನು ತೆಗೆಯಿರಿ.

ನಿಗಮ ಎಂದ ಕೂಡಲೇ ಕನ್ನಡಿಗರ ತಲೆಗೆ ಬರುವುದು ಸರ್ಕಾರದ ಸಂಸ್ಥೆ: ಸಾಲ, ಸಬ್ಸಿಡಿ ಕೊಡುವ ಅಭಿವೃದ್ಧಿ ನಿಗಮ, ಬಸ್ಸು ಓಡಿಸುವ ಸಾರಿಗೆ ನಿಗಮ. ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ, ಹಣ ಬರುವುದು ಬಜೆಟ್ಟಿನಿಂದ. ಅಲಾಸ್ಕದ ವಲಯ ಮಟ್ಟದ ಸಂಸ್ಥೆಗಳು ಆ ರಾಜ್ಯದ ಕಂಪನಿ ಕಾನೂನಿನಡಿ ನೋಂದಣಿಯಾದ, ಲಾಭಕ್ಕಾಗಿ ನಡೆಯುವ ಷೇರು ಕಂಪನಿಗಳು. ನಿರ್ದೇಶಕರನ್ನು ಷೇರುದಾರರು ಚುನಾಯಿಸುತ್ತಾರೆ. ನಷ್ಟ ಬಂದರೆ ಕೈ ಹಿಡಿಯಲು ಬಜೆಟ್ ಇರುವುದಿಲ್ಲ. ಹಾಗಾಗಿ ‘ಕಂಪನಿ’ ಎಂದೇ ಬರೆಯಿರಿ: ವಲಯ ಕಂಪನಿ, ಹಳ್ಳಿ ಕಂಪನಿ. ‘ಗ್ರಾಮ ನಿಗಮ’ ಎಂದರೆ ಗ್ರಾಮ ಪಂಚಾಯಿತಿಯ ಅಣ್ಣನೋ ತಮ್ಮನೋ ಇರಬೇಕು ಎಂದುಕೊಳ್ಳುತ್ತಾರೆ.

‘ಬುಡಕಟ್ಟು’ ಇನ್ನೂ ದೊಡ್ಡ ತೊಡಕು. 1968ರಲ್ಲಿ ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ಕಿತು. ನೆಲ ಯಾರದು ಎಂಬ ತಕರಾರು ಮುಗಿಯದೆ ಕೊಳವೆ ಮಾರ್ಗ ಹಾಕುವಂತಿರಲಿಲ್ಲ. 1971ರ ಡಿಸೆಂಬರ್ 18ರಂದು ಬಂದ ಕಾಯ್ದೆ ಮೂಲಜನರ ಪಾರಂಪರಿಕ ಭೂಹಕ್ಕನ್ನೂ, ಅದರ ಜೊತೆಗಿದ್ದ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನೂ ರದ್ದುಮಾಡಿ, ಬದಲಿಗೆ ಸುಮಾರು 4.4 ಕೋಟಿ ಎಕರೆ ನೆಲ ಮತ್ತು 96.25 ಕೋಟಿ ಡಾಲರ್ ಕೊಟ್ಟಿತು. ಕರಡಿನಲ್ಲಿ ‘ಹಕ್ಕು ಬಿಟ್ಟುಕೊಟ್ಟರು’ ಎಂದಿದ್ದರೆ ಅದನ್ನೂ ತಿದ್ದಿ, ರದ್ದುಮಾಡಿದ್ದು ಕಾಯ್ದೆ. ಆ ನೆಲ ಬುಡಕಟ್ಟುಗಳ ಹೆಸರಿಗೆ ಹೋಗಲೇ ಇಲ್ಲ, 12 ವಲಯ ಕಂಪನಿಗಳು ಮತ್ತು 200ಕ್ಕೂ ಹೆಚ್ಚು ಹಳ್ಳಿ ಕಂಪನಿಗಳ ಹೆಸರಿಗೆ ಹೋಯಿತು. ಅಲಾಸ್ಕದ ಹೊರಗೆ ನೆಲೆಸಿದವರಿಗೆಂದು ಆಮೇಲೆ ಬಂದ 13ನೆಯ ಕಂಪನಿಗೆ ನೆಲವೇ ಸಿಗಲಿಲ್ಲ. ಬುಡಕಟ್ಟು ಸರ್ಕಾರಗಳು ಇವತ್ತಿಗೂ ಬೇರೆಯಾಗಿಯೇ ಇವೆ. ಒಂದೇ ಹಳ್ಳಿಯಲ್ಲಿ ಬುಡಕಟ್ಟು ಮಂಡಳಿ ಒಂದು, ಹಳ್ಳಿ ಕಂಪನಿ ಇನ್ನೊಂದು, ಕೆಲವು ಕಡೆ ನಗರಸಭೆಯಂಥದ್ದು ಮತ್ತೊಂದು.

ಈ ಬಿರುಕು ಎಷ್ಟು ಆಳ ಎಂಬುದಕ್ಕೆ ವೆನಿಟೈ ಹಳ್ಳಿಯನ್ನು ನೋಡಿ. ವೆನಿಟೈ ಮತ್ತು ಆರ್ಕ್ಟಿಕ್ ವಿಲೇಜ್‌ನವರು ಹಣದ ಪಾಲು ಬಿಟ್ಟು ತಮ್ಮ ಹಳೆಯ ಮೀಸಲು ಪ್ರದೇಶದ ಸುಮಾರು 18 ಲಕ್ಷ ಎಕರೆಯನ್ನೇ ಪಡೆದರು. ಕಂಪನಿಗಳ ಹೆಸರಿನಲ್ಲಿದ್ದ ಅದನ್ನು ಬುಡಕಟ್ಟು ಸರ್ಕಾರದ ಹೆಸರಿಗೆ ಬರೆದುಕೊಟ್ಟರು. ಅಲ್ಲಿ ಶಾಲೆ ಕಟ್ಟಲು ಬಂದ ಗುತ್ತಿಗೆದಾರನಿಗೆ ಬುಡಕಟ್ಟು ತೆರಿಗೆ ಹಾಕಿದಾಗ ವಿಷಯ ಕೋರ್ಟಿಗೆ ಹೋಯಿತು. 1998ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನೆಲ ಬುಡಕಟ್ಟಿನ ಆಡಳಿತಕ್ಕೆ ಒಳಪಟ್ಟ ಪ್ರದೇಶವಲ್ಲ ಎಂದು ತೀರ್ಪಿತ್ತಿತು. ಒಡೆತನ ಉಳಿಯಿತು, ತೆರಿಗೆ ಹಾಕುವ ಅಧಿಕಾರ ಹೋಯಿತು. ‘ಬುಡಕಟ್ಟು ನಿಗಮ’ ಎಂದು ಓದಿದವರಿಗೆ ಈ ತೀರ್ಪು ಏಕೆ ಬಂತೆಂಬುದೇ ಅರ್ಥವಾಗದು. ನನ್ನ ಸಲಹೆ ‘ಮೂಲನಿವಾಸಿ ಷೇರು ಕಂಪನಿ’.

‘ಸದಸ್ಯ’ ಬೇಡ, ‘ಷೇರುದಾರ’ ಇರಲಿ. ಬುಡಕಟ್ಟಿಗೆ ಹುಟ್ಟಿನಿಂದ ಸೇರುತ್ತಾರೆ. ಕಂಪನಿಯಲ್ಲಿ ಮೂಲ 100 ಷೇರು ಸಿಕ್ಕಿದ್ದು ಕಾಯ್ದೆ ಬಂದ ದಿನ ಬದುಕಿದ್ದ, ಅರ್ಹತೆಯಿದ್ದವರಿಗೆ ಮಾತ್ರ. ಅಣ್ಣ 1970ರಲ್ಲಿ ಹುಟ್ಟಿದ್ದರೆ ಷೇರುದಾರ. ತಂಗಿ 1972ರಲ್ಲಿ ಹುಟ್ಟಿದ್ದರೆ ಅವಳಿಗೆ ಇಲ್ಲ. ಯಾರಾದರೂ ತೀರಿಕೊಂಡು ಷೇರು ಅವಳ ಪಾಲಿಗೆ ಬರಬೇಕು, ಇಲ್ಲವೇ ಉಡುಗೊರೆಯಾಗಿ ಸಿಗಬೇಕು. ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಡೊಯೋನ್, ಸೀಲಾಸ್ಕಾದಂಥ ಕಂಪನಿಗಳ ಷೇರುದಾರರು ಮತ ಹಾಕಿ, ನಂತರ ಹುಟ್ಟಿದವರಿಗೂ ಷೇರು ಕೊಡಲು ಒಪ್ಪಿದರು. ಹೀಗೆ ಕೊಟ್ಟಾಗ ಹಳೆಯ ಷೇರುದಾರರ ಪಾಲು ತೆಳುವಾಗುತ್ತದೆ, ಜಗಳ ಹುಟ್ಟುವುದು ಅಲ್ಲಿಯೇ.

‘ಷೇರು’ ಎಂಬ ಪದಕ್ಕೂ ಮೊದಲ ಸಲ ಬಂದಾಗ ಅರ್ಧ ಸಾಲಿನ ವಿವರಣೆ ಬೇಕು: ಇದನ್ನು ಮಾರುವಂತಿಲ್ಲ. ಮೂಲ ಕಾಯ್ದೆಯ ನಿರ್ಬಂಧ 20 ವರ್ಷಕ್ಕೆ, ಅಂದರೆ 1991ಕ್ಕೆ ಮುಗಿಯಬೇಕಿತ್ತು. ಮುಗಿದಿದ್ದರೆ ಹೊರಗಿನವರು ಷೇರು ಕೊಂಡು ಅದರ ಹಿಂದೆಯೇ ನೆಲವನ್ನೂ ಕೈಗೆ ತೆಗೆದುಕೊಳ್ಳಬಹುದಿತ್ತು. ಆ ಗಡುವಿಗೆ ಮೊದಲೇ ತಿದ್ದುಪಡಿ ಬಂತು. ಈಗ ಷೇರುದಾರರೇ ಮತ ಹಾಕಿ ತೆಗೆಯುವವರೆಗೂ ನಿರ್ಬಂಧ ಇರುತ್ತದೆ.

ಇನ್ನು ‘ಖನಿಜ ಹಕ್ಕು’. ಹಳ್ಳಿ ಕಂಪನಿಗೆ ನೆಲದ ಮೇಲ್ಪದರ, ಅದರಡಿಯದು ವಲಯ ಕಂಪನಿಗೆ. ಅಡಿಯದು ಎಂದರೆ ಎಣ್ಣೆ, ಸತುವು ಅಷ್ಟೇ ಎಂದುಕೊಂಡರೆ ತಪ್ಪು. ಮರಳು, ಗರಸು ಕೂಡ ಅದರಲ್ಲೇ ಸೇರುತ್ತವೆ ಎಂದು ಕೋರ್ಟುಗಳು ಹೇಳಿವೆ. ಹಳ್ಳಿ ಕಂಪನಿ ತನ್ನದೇ ನೆಲದಲ್ಲಿ ಗರಸು ಅಗೆದು ರಸ್ತೆಗೆ ಹಾಕಲು ಹೊರಟರೆ ಆ ಗರಸು ವಲಯ ಕಂಪನಿಯದು. ಕನ್ನಡದ ‘ಖನಿಜ’ ಓದುಗರಿಗೆ ಗಣಿಯನ್ನಷ್ಟೇ ನೆನಪಿಸುತ್ತದೆ. ‘ಮೇಲ್ನೆಲದ ಹಕ್ಕು’, ‘ಒಳನೆಲದ ಹಕ್ಕು’ ಎಂಬ ಜೋಡಿ ಬಳಸಿ.

ಇದೇ ಜಾಗದಲ್ಲಿ ‘ವರಮಾನ’ ಮತ್ತು ‘ಲಾಭ’ವನ್ನು ಬೆರೆಸಬೇಡಿ. ಮರ ಮತ್ತು ಒಳನೆಲದಿಂದ ಒಂದು ವಲಯ ಕಂಪನಿಗೆ ಬಂದ ವರಮಾನದ ಶೇ 70ನ್ನು 12 ಕಂಪನಿಗಳೂ ತಮ್ಮಲ್ಲಿ ನೋಂದಾಯಿತರಾದ ಮೂಲನಿವಾಸಿಗಳ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳಬೇಕು. ‘ನಾನಾ’ (NANA) ಎಂಬ ಹೆಸರಿನ ವಲಯ ಕಂಪನಿಯ ನೆಲದಲ್ಲಿರುವ ರೆಡ್ ಡಾಗ್ ಸತುವಿನ ಗಣಿಯ ಹಣ ಗಣಿಯೇ ಇಲ್ಲದ ವಲಯಗಳಿಗೂ ತಲುಪುವುದು ಹೀಗೆ. ಯಾವ ಖರ್ಚು ಕಳೆಯಬಹುದು, ಯಾವುದನ್ನು ಕಳೆಯುವಂತಿಲ್ಲ ಎಂದು ಕಂಪನಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಹೊಡೆದಾಡಿ, 1982ರಲ್ಲಿ ತಮ್ಮೊಳಗೇ ಒಪ್ಪಂದ ಮಾಡಿಕೊಂಡವು. ಕರಡಿನಲ್ಲಿ ‘ಲಾಭದ ಶೇ 70’ ಎಂದಿದ್ದರೆ ಆ ವ್ಯಾಜ್ಯದ ಬುಡವೇ ಓದುಗರಿಗೆ ಸಿಗುವುದಿಲ್ಲ.

ಇನ್ನೊಂದು ಉತ್ತರ:

ಮೇಲಿನವರ ಮಾತು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ‘ಮೂಲನಿವಾಸಿ’ ಪದಕ್ಕೆ ಕರ್ನಾಟಕದಲ್ಲಿ ದಲಿತ, ಬಹುಜನ ಚಳವಳಿಯ ಅರ್ಥವೂ ಅಂಟಿದೆ. ಆದರೂ ‘ಆದಿವಾಸಿ’ಗಿಂತ ಇದೇ ವಾಸಿ. ಆದಿವಾಸಿ ಎಂದರೆ ನಮ್ಮ ಓದುಗರು ಕಾಡು, ಹಾಡಿ ಎಂದುಕೊಳ್ಳುತ್ತಾರೆ. ಅಲಾಸ್ಕದಲ್ಲಿ ಕಡಲ ದಂಡೆಯ ಇನ್ಯುಪಿಯಾಟ್, ದ್ವೀಪಗಳ ಅಲ್ಯೂಟ್ ಜನರೂ ಇದ್ದಾರೆ. ಶೀರ್ಷಿಕೆಯಲ್ಲಿ ‘ಅಲಾಸ್ಕ ಮೂಲನಿವಾಸಿ’ ಎಂದು ಜೋಡಿಸಿ ಬರೆದರೆ ಗೊಂದಲವಾಗದು.

‘ಸಹಾಯಧನ’ ಖಂಡಿತ ಬೇಡ. ತಮ್ಮದೇ ಕಂಪನಿ ಗಳಿಸಿದ ಹಣವನ್ನು ಅದು ದಾನದಂತೆ ತೋರಿಸುತ್ತದೆ. ‘ಲಾಭಾಂಶ’ ಅಥವಾ ರೂಢಿಯ ‘ಡಿವಿಡೆಂಡ್’ ಸಾಕು. ಆದರೆ ಅಲಾಸ್ಕ ರಾಜ್ಯವೂ ತನ್ನ ಎಣ್ಣೆ ಹಣದ ನಿಧಿಯಿಂದ 1982ರಿಂದ ಡಿವಿಡೆಂಡ್ ಕೊಡುತ್ತಿದೆ. ಅದು ಅಲ್ಲಿ ನೆಲೆಸಿದ, ಅರ್ಹರಾದ ಎಲ್ಲರಿಗೂ ಸಿಗುತ್ತದೆ, ಮೂಲನಿವಾಸಿ ಆಗಿರಬೇಕೆಂದಿಲ್ಲ. ಬರಹದಲ್ಲಿ ಎರಡೂ ಬರುವುದಾದರೆ ಒಂದಕ್ಕೆ ‘ಕಂಪನಿ ಲಾಭಾಂಶ’, ಇನ್ನೊಂದಕ್ಕೆ ‘ರಾಜ್ಯ ನಿಧಿಯ ಪಾಲು’ ಎಂದು ಕೊನೆಯವರೆಗೂ ಬೇರೆ ಬೇರೆ ಪದ ಇಟ್ಟುಕೊಳ್ಳಿ.